ನಿಂತ ನೀರಿನ ಪುಣ್ಯ

ವೇದಿಕೆಯ ನಡುವೆ ಕೂತು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರಾದ ಡಾಕ್ಟರ್ ರಿಫ್‌ಅತ್ ಅವರೇ, ಅವರ ಬಲಕ್ಕಿರುವ ನಮ್ಮ ಮಸೀದಿಯ ಶೇಖ್ ಅಬ್ದುಲ್ ಬರ್ ಅವರೇ, ದೂರದಿಂದ ಧೂಳು ಕುಡಿಯುತ್ತ ಬಂದಿರುವ ಗೌರವಾನ್ವಿತ ಅತಿಥಿಗಳೇ, ತಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಈ ಆಸ್ಪತ್ರೆಗೆ ನೀರಿನ ದಾನ ಮಾಡಿದ ಕುಟುಂಬಗಳ ಹಿರಿಯರೇ, ಅಕ್ಕತಂಗಿಯರೇ, ಹಿಂದಿನ ಬಾಗಿಲ ಹತ್ತಿರ ದಾಸವಾಳದ ಶರಬತ್ತಿನ ಮೇಲೆ ಕಣ್ಣಿಟ್ಟು ನಿಂತಿರುವ ಸಭಿಕರೇ, ನಿಮ್ಮೆಲ್ಲರಿಗೂ ಶಾಂತಿ ಇರಲಿ.

ಐದು ನಿಮಿಷ ತಾಂತ್ರಿಕ ವಿಷಯ ಹೇಳಿ ಕೂತುಬಿಡಿ ಎಂದು ನಿರ್ದೇಶಕರು ಅಪ್ಪಣೆ ಕೊಟ್ಟಿದ್ದಾರೆ. ನನ್ನನ್ನು ಬಲ್ಲವರು ಈಗಲೇ ನಗುತ್ತಿದ್ದಾರೆ. ನಗಲಿ. ನನ್ನನ್ನು ಅರಿಯದ ಅತಿಥಿಗಳಿಗಾಗಿ ಹೇಳುತ್ತೇನೆ: ನಾನು ಕರೀಮಾನ್, ಈ ಆಸ್ಪತ್ರೆಯ ನೀರು, ಕರೆಂಟು, ಲಿಫ್ಟು ನೋಡಿಕೊಳ್ಳುವವಳು, ಇಂಜಿನಿಯರ್. ಲಿಫ್ಟಿನ ಬಗ್ಗೆ ಇವತ್ತು ದಯವಿಟ್ಟು ಯಾರೂ ಕೇಳಬೇಡಿ. ಇವತ್ತಿನ ವಿಷಯ ನೀರು. ಇನ್ನು ಸ್ವಲ್ಪ ಹೊತ್ತಿಗೆ ಕೆಳಗಿನ ಹಜಾರದಲ್ಲಿ ಹೊಸ ಕುಡಿಯುವ ನೀರಿನ ಕಟ್ಟೆಯ ಉದ್ಘಾಟನೆಯಾಗಲಿದೆ. ಅದಕ್ಕೆ ನೀರು ತರುವುದು ಉಕ್ಕಿನ ಪೈಪು. ಗೋಡೆಗೆ ಬಿಗಿಯಾಗಿ ಕೂತಿದೆ, ಅಲುಗಾಡುವುದಿಲ್ಲ, ಬಳುಕುವುದಿಲ್ಲ. ಸ್ವಲ್ಪ ನನ್ನ ಹಾಗೆಯೇ.

ಈಗ ನನ್ನ ಕೈಯಲ್ಲಿರುವುದನ್ನು ನೋಡಿ. ಇದೇನು? ಹೇಳಿ, ನಾಚಿಕೆ ಬೇಡ, ನಿಮ್ಮೆಲ್ಲರ ಮನೆಯ ವಾಷ್ ಬೇಸಿನ್ನಿನ ಕೆಳಗೂ ಇದೆ. ಕನೆಕ್ಷನ್ ಪೈಪ್. ಹೊರಗೆ ಬೆಳ್ಳಿಯ ಜಡೆಯ ಹಾಗೆ ಹೆಣೆದ ಸ್ಟೀಲ್ ತಂತಿ, ಎರಡು ತುದಿಗೂ ನಟ್ಟು. ಅಳತೆ ಮಾಡಲು ಬಾರದ ಪ್ಲಂಬರ್‌ಗೆ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ. ಗೋಡೆಯ ಪಾಯಿಂಟ್ ಎಲ್ಲೋ, ನಲ್ಲಿ ಇನ್ನೆಲ್ಲೋ. ಬಗ್ಗಿಸಿ, ತಿರುಚಿ, ನಟ್ಟು ಬಿಗಿದು, ಚಹಾ ಕುಡಿದು ಹೊರಟೇ ಹೋಗುತ್ತಾನೆ. ಹೊರಗಿನಿಂದ ಎಷ್ಟು ಚೆಂದ! ಆದರೆ ನೀರು ಹರಿಯುವುದು ಹೊರಗೋ ಒಳಗೋ?

ಒಳಗೆ ಏನಿದೆ ಎಂದು ತೋರಿಸಲೆಂದೇ ಇದನ್ನು ಉದ್ದಕ್ಕೆ ಸೀಳಿ ತಂದಿದ್ದೇನೆ. ಮುಂದಿನ ಸಾಲಿನವರು ನೋಡಿ, ಮುಟ್ಟಬೇಡಿ. ಒಳಗಿರುವುದು ರಬ್ಬರು. ಆ ರಬ್ಬರಿನ ಮೇಲೆ ಲೋಳೆ ಕಟ್ಟಿದೆ, ಕಾಣುತ್ತಿದೆಯೇ? ಮೀನು ಸುಲಿದ ಹಲಗೆಯನ್ನು ಎರಡು ದಿನ ತೊಳೆಯದೆ ಬಿಟ್ಟರೆ ಹೀಗೆಯೇ ಆಗುತ್ತದೆ. ರಬ್ಬರು ಸೂಕ್ಷ್ಮಜೀವಿಗಳಿಗೆ ಮನೆಯೂ ಹೌದು, ಊಟವೂ ಹೌದು. ನೀರು ಓಡುತ್ತಿದ್ದರೆ ಅವುಗಳಿಗೆ ನೆಲೆ ನಿಲ್ಲುವುದು ಕಷ್ಟ. ನೀರು ನಿಂತರೆ, ಅದೂ ನಮ್ಮ ಬೇಸಿಗೆಯ ಹಜಾರದ ಸೆಕೆಯಲ್ಲಿ ನಿಂತರೆ, ನೀರಿನಲ್ಲಿ ಬೆರೆಸಿದ ಕ್ಲೋರಿನ್ ಕೂಡ ಸೋತು ಸುಮ್ಮನಾಗುತ್ತದೆ. ನೀವು ಗಟ್ಟಿಮುಟ್ಟಾದವರು, ಈ ನೀರು ಕುಡಿದರೆ ನಿಮಗೆ ಬಹುಶಃ ಏನೂ ಆಗಲಿಕ್ಕಿಲ್ಲ. ಆದರೆ ಇದು ಆಸ್ಪತ್ರೆ. ಇಲ್ಲಿಗೆ ಬರುವವರೆಲ್ಲ ಆಗಲೇ ಸೋತು ಸುಣ್ಣವಾದವರು.

ಹಾಗಾದರೆ ಕನೆಕ್ಷನ್ ಪೈಪ್ ಎಲ್ಲಿಯೂ ಹಾಕಲೇಬಾರದೇ ಎಂದು ನಿನ್ನೆ ನಮ್ಮ ನಿರ್ದೇಶಕರು ಕೇಳಿದರು. ಸಾರ್, ಅಲುಗಾಡಲೇಬೇಕಾದ ಕಡೆ ಹಾಕೋಣ. ಮೇಲೆ ಕೆಳಗೆ ಹೋಗುವ ಸ್ನಾನದ ತೊಟ್ಟಿ ಇದೆಯಲ್ಲ, ಅಲ್ಲಿ ಬೇಕು. ಅಲ್ಲಿಯೂ ಒಳಗೆ ರಬ್ಬರಿಲ್ಲದ ಬಗೆಯದು, ಆದಷ್ಟು ಗಿಡ್ಡದು, ಬಿಚ್ಚಿ ಬದಲಿಸಲು ಪಕ್ಕದಲ್ಲೇ ಒಂದು ವಾಲ್ವು. ಉಳಿದಂತೆ ಗೋಡೆಯೂ ಅಲುಗುವುದಿಲ್ಲ, ನಲ್ಲಿಯೂ ಅಲುಗುವುದಿಲ್ಲ; ನಡುವಿನದು ಯಾಕೆ ಕುಣಿಯಬೇಕು? ತಾಂತ್ರಿಕ ವಿಷಯ ಇಲ್ಲಿಗೆ ಮುಗಿಯಿತು. ನಿರ್ದೇಶಕರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಇಳಿಸಿ ಸಾರ್, ನನ್ನದಿನ್ನೂ ಮುಗಿದಿಲ್ಲ.

ಈ ಪೈಪು ನಮ್ಮ ಕಫ್ರ್ ಮರಾಕಿಬ್‌ನ ಆಸ್ಪತ್ರೆಯಲ್ಲಿ ಇಷ್ಟೊಂದು ಯಾಕೆ ತುಂಬಿತು? ಪ್ಲಂಬರ್‌ಗಳ ಸೋಮಾರಿತನದಿಂದಲೇ? ಅಲ್ಲ. ಪ್ರೀತಿಯಿಂದ. ನೈಲ್ ನದಿ ಸಮುದ್ರ ಸೇರುವ ಈ ಮೂಲೆಯಲ್ಲಿ ದೋಣಿ ಇಲ್ಲದ ಮನೆ ಯಾವುದಿದೆ? ಬಲೆ ಹಿಡಿದು ಹೋದವನು ವಾಪಸು ಬಾರದ ಮನೆಗಳೂ ಎಷ್ಟಿವೆ, ನಿಮಗೆ ಗೊತ್ತು. ಬೇರೆ ಊರಿನವರು ತಮ್ಮವರ ಗೋರಿಯ ಮುಂದೆ ಕೂತು ಅಳುತ್ತಾರೆ. ನಮಗೆ ಗೋರಿಯೇ ಇಲ್ಲ. ದೇಹ ಸಿಕ್ಕದವನಿಗೆ ದೂರದಿಂದಲೇ ನಮಾಜು ಮಾಡಿ ಮನೆಗೆ ಬಂದುಬಿಡುತ್ತೇವೆ. ಆಮೇಲೆ ಏನು ಮಾಡುತ್ತೇವೆ? ಅವನ ಹೆಸರಿನಲ್ಲಿ ಒಂದು ವಾಟರ್ ಕೂಲರ್ ತಂದು ಆಸ್ಪತ್ರೆಯ ಹಜಾರದಲ್ಲಿ ಇಡುತ್ತೇವೆ. ಉಪ್ಪುನೀರಿನಲ್ಲಿ ಸತ್ತವನ ಹೆಸರಿನಲ್ಲಿ ಬಾಯಾರಿದವರಿಗೆ ಸಿಹಿನೀರು. ಕುಡಿದವರು ಅವನಿಗಾಗಿ ಫಾತಿಹಾ ಪ್ರಾರ್ಥನೆ ಓದಿದರೆ ಆ ಪುಣ್ಯ ಅವನಿಗೆ ಹೋಗಿ ಸೇರುತ್ತದೆ. ಇದಕ್ಕಿಂತ ಒಳ್ಳೆಯ ಪದ್ಧತಿ ಭೂಮಿಯ ಮೇಲೆ ಇದೆಯೇ? ಇದ್ದರೆ ತೋರಿಸಿ.

ಆದರೆ ಬಂಧುಗಳೇ, ನಾವು ಏನು ಮಾಡಿದೆವು? ಒಬ್ಬರ ಕೂಲರ್ ಪಕ್ಕದಲ್ಲಿ ಇನ್ನೊಬ್ಬರದು, ಅದರ ಪಕ್ಕ ಮತ್ತೊಬ್ಬರದು. ನನ್ನ ಮಗನಿಗೆ ಬೇರೆ, ನಿನ್ನ ಗಂಡನಿಗೆ ಬೇರೆ. ಹಜಾರದಲ್ಲಿ ಸ್ಟ್ರೆಚರ್ ತಿರುಗಿಸಲು ಜಾಗವಿಲ್ಲದಷ್ಟು ಕೂಲರ್‌ಗಳು. ಇರುವ ಒಂದೇ ಲೈನಿನಿಂದ ಎಲ್ಲಕ್ಕೂ ಕನೆಕ್ಷನ್ ಪೈಪು ಎಳೆದು, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರು. ಕುಡಿಯುವವರು ಅಷ್ಟೇ ಜನ, ಕೂಲರ್ ಮಾತ್ರ ಹೆಚ್ಚಾಗುತ್ತ ಹೋಯಿತು. ಆಗ ನೀರು ಏನು ಮಾಡಬೇಕು? ಯಾವುದರಲ್ಲೂ ಸರಿಯಾಗಿ ಹರಿಯದೆ ಎಲ್ಲದರಲ್ಲೂ ನಿಂತುಬಿಟ್ಟಿತು. ನೀರನ್ನು ಹಂಚಿಕೊಳ್ಳದೆ ತುಂಡು ಮಾಡಿಕೊಂಡೆವು. ತಪ್ಪು ಇಷ್ಟೇ, ಆದರೆ ದೊಡ್ಡ ತಪ್ಪು.

ಜಗಳಗಳೇನು ಕಡಿಮೆಯೇ! ನಮ್ಮ ಹಜ್ಜಾ ಇತ್ಮಾದ್ ಅವರನ್ನು ಯಾರು ಅರಿಯರು? ದೋಣಿಯ ಯಜಮಾನರಾಗಿದ್ದ ರಯ್ಯಿಸ್ ದಿಸೂಕಿಯವರ ಹೆಂಡತಿ. ಗಂಡನ ಕೂಲರ್ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಹೋಗಿಬರುವವರನ್ನೆಲ್ಲ ಕೂಗಿ ಕರೆಯುತ್ತಿದ್ದರು. ‘ಬಾ ಮಗ, ಇಲ್ಲಿ ಕುಡಿ, ಅಲ್ಲೇನ್ ಕುಡೀತೀಯಾ, ಅದು ಬಿಸಿನೀರು! ನನ್ ಯಜಮಾನ್ರದ್ದು ಐಸು, ಐಸು!’ ಒಂದು ದಿನ ಕಾಲು ಮುರಿದುಕೊಂಡವನೊಬ್ಬ ‘ನಂಗೆ ಬಾಯಾರಿಕೆ ಇಲ್ಲ ತಾಯಿ’ ಎಂದ. ‘ಇಲ್ದಿದ್ರೆ ಏನೀಗ? ಒಂದ್ ಗುಟುಕು ಕುಡಿದ್ರೆ ನಿನ್ ಗಂಟೇನ್ ಹೋಗುತ್ತೆ, ಪುಣ್ಯಾತ್ಮ!’ ಅವನು ಕುಡಿದ. ಕುಡಿಯದೆ ಎಲ್ಲಿಗೆ ಓಡಿಹೋಗುತ್ತಾನೆ, ಕಾಲಿಗೆ ಪ್ಲಾಸ್ಟರ್ ಹಾಕಿತ್ತಲ್ಲ. ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ಪಕ್ಕದ ಕೂಲರ್‌ನ ಪ್ಲಗ್ ಮೆಲ್ಲಗೆ ಕಿತ್ತಿಟ್ಟಿದ್ದೀರಿ ಎಂಬುದು ನನಗೆ ಗೊತ್ತಿದೆ. ಕರೆಂಟೂ ನನ್ನ ಇಲಾಖೆಯೇ.

ಹೀಗಿರುವಾಗ ಮಕ್ಕಳ ವಾರ್ಡಿನಲ್ಲಿ ಮೂವರಿಗೆ ಜ್ವರ ಬಂತು. ಬೇರೆ ಬೇರೆ ಕಾಯಿಲೆಗೆ ಬಂದು ಮಲಗಿದ್ದ ಮಕ್ಕಳು. ಮೂವರಿಗೂ ಒಂದೇ ಬಗೆಯ ಜ್ವರ, ಮಾಮೂಲಿ ಔಷಧಕ್ಕೆ ಬಗ್ಗಲಿಲ್ಲ. ಅವರ ತಾಯಂದಿರು ವಾರ್ಡಿನ ಬಾಗಿಲ ಬಳಿಯ ಸಾಲಿನ ಯಾವುದೋ ಒಂದು ಕೂಲರ್‌ನಿಂದ ನೀರು ಹಿಡಿದು ಹಾಲಿನ ಪುಡಿ ಕಲಸುತ್ತಿದ್ದರು, ಅದೇ ನೀರಿನಲ್ಲಿ ಗಾಯ ಒರೆಸುತ್ತಿದ್ದರು. ಪ್ರಯೋಗಾಲಯದವರು ಪ್ರತಿ ಕೂಲರ್‌ನ ನೀರನ್ನೂ ಮುಚ್ಚಳವಿರುವ ಗಾಜಿನ ಬಿಲ್ಲೆಗಳಲ್ಲಿಟ್ಟು, ಸೂಕ್ಷ್ಮಜೀವಿ ಬೆಳೆಯುತ್ತದೆಯೇ ಎಂದು ಕಾದರು. ಒಂದು ಬಿಲ್ಲೆ ಹಸಿರಾಯಿತು. ಮುಚ್ಚಳ ತೆಗೆದರೆ ದ್ರಾಕ್ಷಿ ಹಣ್ಣಿನ ವಾಸನೆ. ಮಕ್ಕಳ ಮೈಯಲ್ಲಿದ್ದದ್ದೂ ಅದೇ ಸೂಕ್ಷ್ಮಜೀವಿ. ಅದು ಯಾವ ಕೂಲರ್ ಎಂದು ನಿರ್ದೇಶಕರಿಗೆ ಗೊತ್ತು, ಪ್ರಯೋಗಾಲಯದವರಿಗೆ ಗೊತ್ತು, ನನಗೆ ಗೊತ್ತು. ಹೊರಗೆ ಹೇಳುವುದು ಬೇಡ ಎಂದು ನಾವೆಲ್ಲ ತೀರ್ಮಾನಿಸಿದೆವು. ಹೇಳಿ ಏನು ಉಪಯೋಗ? ಕೊಟ್ಟವರು ಪ್ರೀತಿಯಿಂದ ಕೊಟ್ಟದ್ದು. ಲೋಳೆ ಕಟ್ಟಿದ್ದು ರಬ್ಬರು, ಅವರ ಮನಸ್ಸಲ್ಲ.

ಆಮೇಲೆ ನಾನು ಸ್ಪ್ಯಾನರ್ ಹಿಡಿದುಕೊಂಡು ಹೊರಟೆ. ಮೊದಲು ಬಿಚ್ಚಿದ್ದು ಯಾರದ್ದು? ನೀವೆಲ್ಲ ನೋಡಿದ್ದೀರಿ. ನನ್ನ ಸ್ವಂತ ತಮ್ಮ ಶಾಜ್ಲಿಯದು. ಕರೀಮಾನ್ ತನ್ನ ಮನೆಯದನ್ನು ಬಿಟ್ಟು ನಮ್ಮದರ ಮೇಲೆ ಕೈ ಹಾಕಿದಳು ಎಂದು ಯಾರೂ ಅನ್ನಬಾರದು ಎಂದೇ ಹಾಗೆ ಮಾಡಿದೆ. ಊರಿಡೀ ನನ್ನನ್ನು ಹೊಗಳಿತು. ಹೊಗಳಿಕೆಯನ್ನು ನಾನು ಬೇಡ ಎನ್ನುವವಳಲ್ಲ, ತೆಗೆದುಕೊಂಡೆ.

ಶಾಜ್ಲಿಯ ವಿಷಯ ಎತ್ತಬಾರದೆಂದು ಮನೆಯಲ್ಲೇ ನಿರ್ಧರಿಸಿ ಬಂದಿದ್ದೆ. ಎತ್ತಿಬಿಟ್ಟೆ. ನನಗಿಂತ ಎಂಟು ವರ್ಷ ಚಿಕ್ಕವನು. ನಾನು ಇಂಜಿನಿಯರಿಂಗ್ ಓದುವಾಗ ನನ್ನ ನಕ್ಷೆಗಳನ್ನು ನೋಡಿ ಗೇಲಿ ಮಾಡುತ್ತಿದ್ದ. ‘ಅಲ್ಲ ಅಕ್ಕಾ, ಬಾಗಿಲ ಮುಂದೇನೇ ಇಷ್ಟ್ ದೊಡ್ ಸಮುದ್ರ ಬಿದ್ದಿದೆ, ನೀನು ಅರ್ಧ ಇಂಚಿನ ಪೈಪ್ ಓದ್ತಾ ಕೂತಿದೀಯಲ್ಲ!’ ಆ ಸಮುದ್ರಕ್ಕೇ ಹೋದ, ರಯ್ಯಿಸ್ ದಿಸೂಕಿಯವರ ದೋಣಿಯಲ್ಲಿ. ಚಳಿಗಾಲದ ಬಿರುಗಾಳಿ, ನಮ್ಮ ಹಿರಿಯರು ಪ್ರತಿಯೊಂದಕ್ಕೂ ಹೆಸರಿಟ್ಟು ದಿನ ಗುರುತಿಟ್ಟುಕೊಂಡಿದ್ದಾರಲ್ಲ, ಅದು ಆ ವರ್ಷ ಹೇಳಿದ ದಿನಕ್ಕಿಂತ ಮುಂಚೆಯೇ ಎದ್ದಿತು. ದೋಣಿಯ ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ಅವನಿಗೆ ಮದುವೆ ಗೊತ್ತಾಗಿತ್ತು. ಹೊಸ ಅಂಗಿ ದರ್ಜಿಯ ಬಳಿಯೇ ಉಳಿಯಿತು.

ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ, ನನ್ನ ತಾಯಿ ಹಜ್ಜಾ ಗಲೀಲಾ ಕೂತಿದ್ದಾರೆ. ಶೇಖ್ ಸಾಹೇಬರು ಹೋಗಿ ಕರೆದದ್ದಕ್ಕೆ ಬಂದಿದ್ದಾರೆ, ನನಗಾಗಿ ಬಂದವರಲ್ಲ. ನಾನು ಮಾತು ಶುರು ಮಾಡಿದಾಗಿನಿಂದ ಕಿಟಕಿ ನೋಡುತ್ತಿದ್ದಾರೆ. ಪ್ರತಿ ಗುರುವಾರ ಅವರು ನಿಂಬೆಹಣ್ಣು, ಉಪ್ಪು ಹಿಡಿದುಕೊಂಡು ಬಂದು ಶಾಜ್ಲಿಯ ಕೂಲರ್ ಉಜ್ಜಿ ಹೊಳೆಯಿಸುತ್ತಿದ್ದರು. ಉಜ್ಜುತ್ತ ಅದರೊಡನೆ ಮಾತಾಡುತ್ತಿದ್ದರು: ಈ ಸಲ ಸಾರ್ಡೀನ್ ಬಂದಿಲ್ಲ ಕಣೋ, ನಿಮ್ಮಕ್ಕನಿಗೆ ಬೊಜ್ಜು ಬಂದಿದೆ ಕಣೋ, ಹೀಗೆ. ಅದು ಕೂಲರ್ ಅಲ್ಲ, ನನ್ನ ತಮ್ಮನ ಗೋರಿ. ಅದನ್ನು ನಾನು ಬಿಚ್ಚಿ ಪಕ್ಕಕ್ಕೆ ಸರಿಸಿದಾಗ ಅವರು ಹಜಾರದಲ್ಲೇ ನಿಂತಿದ್ದರು. ಕೂಗಾಡಲಿಲ್ಲ. ‘ಸಮುದ್ರ ಒಂದ್ಸಲ ತಗೊಂಡ್ ಹೋಯ್ತು. ಈಗ ನೀನು ತಗೊಂಡ್ ಹೋಗ್ತಿದೀಯಾ’ ಎಂದರು, ಅಷ್ಟೇ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ಒಂದೇ ಮನೆ, ಒಂದೇ ಅಡುಗೆ. ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಾರೆ. ‘ಬೆಕ್ಕಮ್ಮಾ, ಇಂಜಿನಿಯರ್ ಸಾಹೇಬ್ರಿಗೆ ಹೇಳು, ಅನ್ನ ಆರಿ ಹೋಗ್ತಿದೆ ಅಂತ.’ ‘ಬೆಕ್ಕಮ್ಮಾ, ರಾತ್ರಿ ಕೆಮ್ಮು ಕೇಳಿಸ್ತು, ಕಷಾಯ ಮಾಡಿಟ್ಟಿದೀನಿ, ಬೇಕಾದವ್ರು ಕುಡೀಲಿ.’ ನಗುತ್ತಿದ್ದೀರಿ. ನಾನೂ ಮೊದಮೊದಲು ನಕ್ಕೆ. ಊಟಕ್ಕೆ ಕೂತಾಗ ಆ ಬೆಕ್ಕಿನ ಮುಖ ನೋಡಿ ಹೊಟ್ಟೆ ಉರಿಯುವಂತಾದದ್ದು ಆಮೇಲೆ. ಬೆಕ್ಕಿಗೆ ಸಿಗುವ ಮಾತು ಹೆತ್ತ ಮಗಳಿಗೆ ಸಿಗುವುದಿಲ್ಲ ಎಂದರೆ ಏನನ್ನಬೇಕು?

ಇರಲಿ, ಕಟ್ಟೆಯ ವಿಷಯಕ್ಕೆ ಬರುತ್ತೇನೆ. ಎಲ್ಲರ ಹೆಸರಿನಲ್ಲಿ ಒಂದೇ ಕಟ್ಟೆ ಎಂದಾಗ ಮನೆಮನೆಯಲ್ಲೂ ಕೇಳಿದ ಪ್ರಶ್ನೆ ಒಂದೇ: ಒಂದು ಲೋಟ ನೀರಿನ ಪುಣ್ಯವನ್ನು ಅಷ್ಟು ಜನಕ್ಕೆ ಹಂಚಿದರೆ ನಮ್ಮವನ ಪಾಲಿಗೆ ಎಷ್ಟು ಬರುತ್ತದೆ? ಇದಕ್ಕೆ ನನ್ನ ಬಳಿ ಸೂತ್ರವಿಲ್ಲ. ಶೇಖ್ ಸಾಹೇಬರ ಬಳಿ ಹೋದೆ. ಅವರು ಬಾಯಲ್ಲಿದ್ದುದನ್ನು ನುಂಗಿ, ‘ಏನಮ್ಮಾ, ದೇವರ ಪುಣ್ಯ ಏನು ಬಸ್ಬೂಸಾ ತಟ್ಟೇನಾ, ಚಾಕು ಹಾಕಿ ಕತ್ತರಿಸಿ ತುಂಡು ಎಣಿಸೋಕೆ? ಅವನು ಪ್ರತಿಯೊಬ್ಬನಿಗೂ ಇಡೀ ತಟ್ಟೆ ಕೊಡ್ತಾನೆ’ ಎಂದರು. ಅವರು ಆಗ ತಿನ್ನುತ್ತಿದ್ದದ್ದೂ ಬಸ್ಬೂಸಾ ಸಿಹಿಯೇ. ಆದರೆ ಆ ಮಾತು ಒಂದು ವಾರದಲ್ಲಿ ಊರು ಸುತ್ತಿತು. ಒಬ್ಬೊಬ್ಬರಾಗಿ ನೀವೇ ಬಂದು ನಿಮ್ಮ ನಿಮ್ಮ ಕೂಲರ್‌ಗಳನ್ನು ಬಿಚ್ಚಿಸಿದಿರಿ. ಅದಕ್ಕೆ ನಾನು ತಲೆಬಾಗುತ್ತೇನೆ.

ಇಲ್ಲಿಗೆ ವಂದನೆ ಹೇಳಿ ಕೂರಬೇಕಿತ್ತು. ಬರೆದುಕೊಂಡು ಬಂದದ್ದು ಇಷ್ಟೇ. ಆದರೆ ಬೆಳಿಗ್ಗೆ ಗೇಟಿನಲ್ಲಿ ನಡೆದ ಒಂದು ಮಾತಿದೆ, ಅದನ್ನು ಹೇಳದೆ ನಾನು ಇಳಿಯುವುದಿಲ್ಲ. ನಿರ್ದೇಶಕರೇ, ಗಡಿಯಾರ ಜೇಬಿಗೆ ಹಾಕಿ.

ಹಜ್ಜಾ ಇತ್ಮಾದ್ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬನ್ನಿ, ಮುಂದಿನ ಸಾಲು ನಿಮಗೇ ಎಂದೆ. ಆ ಬಾಯಿ, ಹಜಾರದ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ಬಾಯಿ, ಪಿಸುಮಾತಿನಲ್ಲಿ ಹೇಳಿತು: ‘ಬೇಡ ಕಣಮ್ಮ, ನಾನು ಹಿಂದೆ ಕೂತ್ಕೋತೀನಿ. ನನ್ ಯಜಮಾನ್ರ ನೀರು ಕುಡಿದೇ ಮಕ್ಳು ಕಾಯಿಲೆ ಬಿದ್ದಿದ್ದಂತೆ. ಮಾರ್ಕೆಟ್ಟಲ್ಲಿ ನನ್ ಪಕ್ಕ ಯಾರೂ ಬುಟ್ಟಿ ಇಡಲ್ಲ. ಹುಡುಗ್ರನ್ನ ಸಮುದ್ರಕ್ಕೆ ಕರ್ಕೊಂಡ್ ಹೋಗಿ ಮುಳುಗಿಸಿದ, ಈಗ ದಡದಲ್ಲಿರೋ ಮಕ್ಳನ್ನೂ ಬಿಡ್ಲಿಲ್ಲ ಅಂತಾರೆ. ನಿಜವೇನಮ್ಮಾ? ನಿಂಗೆ ಗೊತ್ತಿರ್ಬೇಕಲ್ಲ.’

ನನಗೆ ಗೊತ್ತಿತ್ತು. ಆದರೆ ಗೇಟಿನಲ್ಲಿ, ಕಾರ್ಯಕ್ರಮ ಮುಗಿಯಲಿ ಎಂದಷ್ಟೇ ಹೇಳಿದೆ. ಈಗ ಇಲ್ಲಿ ನಿಂತು ನೋಡುತ್ತಿದ್ದೇನೆ. ಅವರು ಕೊನೆಯ ಸಾಲಿನಲ್ಲಿದ್ದಾರೆ. ಅವರ ಎಡಕ್ಕೂ ಬಲಕ್ಕೂ ಕುರ್ಚಿಗಳು ಖಾಲಿ. ಈ ಸಭೆಯಲ್ಲಿ ಜನ ಗೋಡೆಗೊರಗಿ ನಿಂತಿದ್ದಾರೆ, ಆದರೂ ಆ ಕುರ್ಚಿಗಳು ಖಾಲಿ. ಇದನ್ನು ನೋಡಿಕೊಂಡು ನಾನು ಸುಮ್ಮನಿರಲೇ? ಯಾರದೋ ನೆಮ್ಮದಿಗಾಗಿ ನಾವು ಒಂದು ಹೆಸರನ್ನು ಬಚ್ಚಿಟ್ಟದ್ದಕ್ಕೆ ಈ ಹೆಂಗಸು ಯಾಕೆ ದಂಡ ತೆರಬೇಕು?

ಕೇಳಿ. ರಯ್ಯಿಸ್ ದಿಸೂಕಿಯವರ ಕೂಲರ್‌ನ ನೀರು ಶುದ್ಧವಾಗಿತ್ತು. ಯಾಕೆ ಗೊತ್ತೇ? ಇವರು ಕೂಗಿ ಕೂಗಿ ಕುಡಿಸಿದ್ದರಿಂದ. ಬಾಯಾರದವನಿಗೂ ಬಿಡದೆ ಕುಡಿಸಿದ್ದರಿಂದ ಅದೊಂದರಲ್ಲಿ ಮಾತ್ರ ನೀರು ನಿಲ್ಲಲಿಲ್ಲ. ನಾವೆಲ್ಲ ಯಾವುದಕ್ಕೆ ನಕ್ಕೆವೋ ಅದರಿಂದಲೇ ಆ ನೀರು ಕೆಡದೆ ಉಳಿದದ್ದು. ಹಸಿರಾದ ಬಿಲ್ಲೆ ಅದರದಲ್ಲ.

ಅದು ಅದರ ಪಕ್ಕದ್ದು. ನನ್ನ ತಮ್ಮ ಶಾಜ್ಲಿಯದು.

ನನ್ನ ಮನೆಯದನ್ನು ಮೊದಲು ಬಿಚ್ಚಿದೆ, ನ್ಯಾಯಕ್ಕಾಗಿ ಬಿಚ್ಚಿದೆ ಎಂದು ಆಗ ಹೇಳಿದೆನಲ್ಲ, ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅದನ್ನು ಆ ದಿನವೇ ಬಿಚ್ಚಬೇಕಿತ್ತು, ಅದಕ್ಕೇ ಬಿಚ್ಚಿದೆ. ನನ್ನ ತಾಯಿ ಹೊರಗಿನಿಂದ ಅದನ್ನು ಕನ್ನಡಿಯಂತೆ ಉಜ್ಜಿಟ್ಟಿದ್ದರು. ಪೈಪಿನ ಒಳಗೆ ನಿಂಬೆಹಣ್ಣು ಹೋಗುವುದಿಲ್ಲ. ನಾನು ಕೈಯಲ್ಲಿ ಹಿಡಿದಿರುವ ಈ ತುಂಡು ಅದರದೇ. ಅವರು ನನ್ನ ಮೇಲೆ ಕೋಪ ಮಾಡಿಕೊಂಡಿರಲಿ, ಬೆಕ್ಕಿನೊಡನೆ ಮಾತಾಡಿಕೊಂಡಿರಲಿ, ಆದರೆ ಮಗನ ಹೆಸರಿನಲ್ಲಿ ಕೊಟ್ಟ ನೀರು ಮಕ್ಕಳನ್ನು ಮಲಗಿಸಿತು ಎಂಬುದು ಅವರ ಕಿವಿಗೆ ಬೀಳದಿರಲಿ ಎಂದುಕೊಂಡಿದ್ದೆ. ಬಿತ್ತು. ನಾನೇ ಬೀಳಿಸಿದೆ, ಅದೂ ಮೈಕಿನಲ್ಲಿ.

ಹಿಂದಿನ ಸಾಲಿನವರೇ, ನೀವು ಸುಮ್ಮನೆ ನನ್ನ ಬಾಯಿ ನೋಡಬೇಡಿ. ಗೋಡೆಗೆ ಒರಗಿದವರು ಹೋಗಿ ಆ ಕುರ್ಚಿಗಳಲ್ಲಿ ಕೂರಿ. ಹೌದು, ಈಗಲೇ. ನಾನು ಕಾಯುತ್ತೇನೆ... ಹಜ್ಜಾ ಇತ್ಮಾದ್, ನೀವು ಏಳಬೇಡಿ, ಅವರೇ ಬರಲಿ. ಹಾಂ, ಹಾಗೆ. ಆ ದಪ್ಪ ಮೀಸೆಯವರೂ ಬನ್ನಿ, ಜಾಗ ಇದೆ.

ಯಾರೋ ಎದ್ದು ನಿಂತರು. ಅಮ್ಮ?

ಅಮ್ಮ, ಹೊರಟೆಯಾ? ಸ್ವಲ್ಪ ನಿಲ್ಲು... ಏನು? ಕೇಳಿಸುತ್ತಿಲ್ಲ, ಆ ಫ್ಯಾನ್ ಯಾರಾದರೂ ಆಫ್ ಮಾಡಿ. ಏನಮ್ಮಾ?

ಸಭಿಕರೇ, ಕ್ಷಮಿಸಿ. ನನ್ನ ತಾಯಿ ಕೇಳುತ್ತಿದ್ದಾರೆ, ಆ ಮಕ್ಕಳು ಏನಾದವು ಎಂದು.

ಚೆನ್ನಾಗಿದ್ದಾರೆ ಅಮ್ಮ. ಮೂವರೂ ವಾಸಿಯಾಗಿ ಮನೆಗೆ ಹೋದರು. ದೊಡ್ಡವಳು ಶಾಲೆಗೆ ಹೋಗುತ್ತಿದ್ದಾಳೆ. ನಡುವಿನವನು ಬೋಟ್‌ಯಾರ್ಡಿನ ಹತ್ತಿರ ಚೆಂಡಾಡುವುದನ್ನು ನೀನೇ ನೋಡಿರುತ್ತೀಯೆ. ಚಿಕ್ಕದನ್ನು ಅದರ ತಾಯಿ ಮೊನ್ನೆ ಕರೆದುಕೊಂಡು ಬಂದಿದ್ದಳು. ಹಲ್ಲು ಬಂದಿದೆ, ನನ್ನ ಬೆರಳು ಕಚ್ಚಿತು. ದೇವರಾಣೆ, ಮೂವರೂ ಚೆನ್ನಾಗಿದ್ದಾರೆ.

...

ನಮ್ಮ ತಾಯಿ ಏನೆಂದರು ಎಂಬುದು ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. ಹೇಳುತ್ತೇನೆ. ‘ಅವನಿದ್ದಿದ್ರೆ, ನಿಂಗೆ ಈ ಕೆಲಸ ಬಿಡ್ತಿರ್ಲಿಲ್ಲ ಕಣೇ. ತಾನೇ ಬಿಚ್ಚಿ ಹಾಕ್ತಿದ್ದ’ ಎಂದರು.

ಹೌದಮ್ಮ. ಬಿಚ್ಚಿ ಹಾಕುತ್ತಿದ್ದ.

ವೇದಿಕೆಯ ಹಿರಿಯರಿಗೆ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನನ್ನ ವಂದನೆಗಳು. ಕೆಳಗೆ ನೀರು ಹರಿಯುತ್ತಿದೆ, ಹೋಗಿ ಕುಡಿಯಿರಿ, ಬಾಯಾರದವರೂ ಕುಡಿಯಿರಿ. ನಾನು ಈಗ ಮೂರನೆಯ ಸಾಲಿಗೆ ಹೋಗಬೇಕು. ನಮಸ್ಕಾರ.